ಸವಳು ಗದ್ದೆಯ ಭತ್ತಕ್ಕೆ ಸ್ಯಾಲಿಸಿಲಿಕ್ ಆಮ್ಲ: ಬೀಜೋಪಚಾರ ಮತ್ತು ಸಿಂಪಡಣೆ

ತುಂಗಭದ್ರಾ ಅಚ್ಚುಕಟ್ಟಿನ ಕೆಳಭಾಗದಲ್ಲಿ ನೀರು ನಿಂತು ಉಪ್ಪೇರಿದ ಗದ್ದೆಗಳು ಬಹಳ. ಮೊದಲು ಮಣ್ಣು ಪರೀಕ್ಷಿಸಿ. ಮಣ್ಣಿನ ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಉಪ್ಪನ್ನು ಹೊರಹಾಕಲು ಬಸಿಗಾಲುವೆಯೇ ಬೇಕು. ಸ್ಯಾಲಿಸಿಲಿಕ್ ಆಮ್ಲ ಗಿಡವನ್ನು ಹುರಿದುಂಬಿಸುವ ಚೋದಕ, ಉಪ್ಪು ತೆಗೆಯುವ ಮದ್ದಲ್ಲ. ಅದು ಗಿಡದ ತಾಳಿಕೆಯನ್ನಷ್ಟೇ ಹೆಚ್ಚಿಸುತ್ತದೆ.

ಈ ಆಮ್ಲದ ಪುಡಿ ತಣ್ಣೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. 1 ಗ್ರಾಂ ಪುಡಿಯನ್ನು 5 ಮಿ.ಲೀ. ಸ್ಪಿರಿಟ್‌ನಲ್ಲಿ ಪೂರ್ತಿ ಕರಗಿಸಿ, ಕಲಕುತ್ತಿರುವ ನೀರಿಗೆ ಎಳೆಯಾಗಿ ಸುರಿಯಿರಿ. ಒಮ್ಮೆಲೇ ಸುರಿದರೆ ಹರಳುಗಟ್ಟಿ ನಾಜಲ್ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟ್ಟೇ ಬಳಸಿ. ಕಬ್ಬಿಣ ತಗುಲಿದರೆ ದ್ರಾವಣ ನೇರಳೆಗೆ ತಿರುಗುತ್ತದೆ.

ಬೀಜೋಪಚಾರಕ್ಕೆ 20 ಲೀಟರ್ ನೀರಿಗೆ 1.4 ಗ್ರಾಂ ಸಾಕು. ಅದರಲ್ಲಿ 10 ಕೆಜಿ ಬೀಜವನ್ನು 24 ಗಂಟೆ ನೆನೆಸಿ, ನೆರಳಲ್ಲಿ ಆರಿಸಿ ಸಸಿಮಡಿಗೆ ಹಾಕಿ. ಎಳೆಯ ಸಸಿ ಉಪ್ಪಿಗೆ ಬೇಗ ಸೋಲುತ್ತದೆ, ಹಾಗಾಗಿ 30 ದಿನ ದಾಟಿದ ಸಸಿಯನ್ನು ಗುಣಿಗೆ 3–4ರಂತೆ ನೆಡಿ.

ಸಿಂಪಡಣೆಗೆ 15 ಲೀಟರ್ ಟ್ಯಾಂಕಿಗೆ 1.5 ಗ್ರಾಂ, ಅಂದರೆ 100 ಪಿಪಿಎಂ (ಲೀಟರಿಗೆ 100 ಮಿ.ಗ್ರಾಂ). ನಾಟಿಯಾಗಿ 20–25 ದಿನವಾದಾಗ ಒಮ್ಮೆ, ತೆನೆ ಮೂಡುವ ಹಂತದಲ್ಲಿ ಇನ್ನೊಮ್ಮೆ, ಸಂಜೆ ಹೊತ್ತಲ್ಲಿ ಹೊಡೆಯಿರಿ. ಅಳತೆಗೆ ಗ್ರಾಂ ತಕ್ಕಡಿಯೇ ಬೇಕು, ಚಮಚ ಬೇಡ: ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ, ಬೆಳವಣಿಗೆಯೂ ಕುಂಠಿತ. ಮೊದಲ ವರ್ಷ ಒಂದು ಮಡಿಯನ್ನು ಸಿಂಪಡಿಸದೆ ಬಿಟ್ಟು ಹೋಲಿಸಿ ನೋಡಿ.