ನಾಲ್ಕೂವರೆ ಮೀಟರ್ ಕೋಣೆಯಲ್ಲಿ ಬಿಲ್ಲುಗಾರಿಕೆ: ನನ್ನ ಅನುಭವ

ಮನೆಯೊಳಗಿನ ಅಭ್ಯಾಸದಿಂದ ಗುರಿ ಸುಧಾರಿಸುತ್ತದೆ ಅನ್ನುವ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಮೂರು ಮೀಟರ್ ದೂರದಲ್ಲಿ ಯಾರು ಹೊಡೆದರೂ ಬಾಣ ನಡುವಿಗೇ ಬೀಳುತ್ತದೆ. ಸುಧಾರಿಸುವುದು ನಿಲುವು, ಭುಜ, ಆಂಕರ್ (ಪೂರ್ತಿ ಎಳೆದಾಗ ಕೈ ಮುಖಕ್ಕೆ ತಾಗಿ ನಿಲ್ಲುವ ಜಾಗ) ಮತ್ತು ರಿಲೀಸ್ (ಹೆದೆ ಬಿಡುವ ರೀತಿ). ಮೈದಾನದಲ್ಲಿ ಅಂಕದ ಹಿಂದೆ ಬಿದ್ದಾಗ ಕೆಡುವುದೂ ಇವೇ ನಾಲ್ಕು.

ಜಾಗದ ಲೆಕ್ಕ ಹೀಗೆ: ಗುರಿಹಲಗೆಯ ದಪ್ಪಕ್ಕೆ 30 ಸೆಂ.ಮೀ., ಅದರ ಮುಂಭಾಗದಿಂದ ಪಾದದವರೆಗೆ 3 ಮೀಟರ್, ಎಳೆದ ಮೊಣಕೈ ಹಿಂದಕ್ಕೆ ಹೋಗಲು ಒಂದು ಮೀಟರ್. ಸ್ವಲ್ಪ ಓಡಾಟ ಸೇರಿಸಿದರೆ ನಾಲ್ಕೂವರೆ ಮೀಟರ್ ಸಾಕು. ಎತ್ತರವನ್ನು ಮಾತ್ರ ಬಹಳ ಜನ ಅಳೆಯುವುದಿಲ್ಲ. 68 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲಿನ ಮೇಲಿನ ತುದಿ, ಬಾಣ ಭುಜದ ಮಟ್ಟದಲ್ಲಿದ್ದಾಗಲೇ ನೆಲದಿಂದ ಸುಮಾರು 2.3 ಮೀಟರ್ ಮುಟ್ಟುತ್ತದೆ. ಬಿಲ್ಲನ್ನು ಮೇಲೆತ್ತಿ ಎಳೆಯುವ ರೂಢಿಯಿದ್ದವರ ಲಿಂಬ್ (ಬಿಲ್ಲಿನ ಬಾಗುವ ತೋಳು) ನೇರ ಫ್ಯಾನಿಗೋ ದೀಪಕ್ಕೋ ತಾಗುತ್ತದೆ. ಬಾಣವಿಲ್ಲದ ಬಿಲ್ಲನ್ನು ಎತ್ತಿ, ಇಳಿಸಿ ಮೊದಲು ನೋಡಿಕೊಳ್ಳಿ. ಹೆದೆಯನ್ನು ಮಾತ್ರ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಲಿಂಬಿಗೇ ತಿರುಗಿ, ಅದು ಸೀಳಬಹುದು.

ನಿಮಗೂ ಹಲಗೆಗೂ ನಡುವೆ ಪಕ್ಕದ ಗೋಡೆಯಲ್ಲಿ ಬಾಗಿಲಿರುವ ಕೋಣೆ ಬೇಡ. ಬೇರೆ ಕೋಣೆಯೇ ಇಲ್ಲವಾದರೆ ಆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಮೇಲೆಯೇ ಬಾಣ ಮುಟ್ಟಬೇಕು. ಮನೆಯವರಿಗೆ ಹೇಳಿಟ್ಟಿದ್ದೇನೆ ಅನ್ನುವುದು ಚಿಲಕಕ್ಕೆ ಸಮವಲ್ಲ. ಹಲಗೆಯ ಹಿಂದಿರುವುದು ಕಿಟಕಿಯಿಲ್ಲದ ಗಟ್ಟಿ ಗೋಡೆಯಾಗಿರಲಿ.

ಇನ್ನು ಗುರಿಹಲಗೆ. ದೂರ ಕಡಿಮೆ, ಹಾಗಾಗಿ ಪೆಟ್ಟೂ ಕಡಿಮೆ ಅಂದುಕೊಳ್ಳುವವರಿದ್ದಾರೆ. ಇದು ತಲೆಕೆಳಗಾದ ಲೆಕ್ಕ. ಬಾಣದ ವೇಗ ಬಿಲ್ಲು ಬಿಟ್ಟ ಕ್ಷಣದಲ್ಲೇ ಅತಿ ಹೆಚ್ಚು, ಆದ್ದರಿಂದ ಒಳಾಂಗಣ ಸ್ಪರ್ಧೆಯ 18 ಮೀಟರಿಗೆ ಸಾಕಾಗುವ ಹಲಗೆಗಿಂತ ಇಲ್ಲಿನದು ಗಟ್ಟಿಯಾಗಿರಬೇಕು. ನನ್ನ ಆಯ್ಕೆ ರಟ್ಟಿನ ಹಲಗೆ. ಪೆಟ್ಟಿಗೆಗಳ ರಟ್ಟನ್ನು 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಮಲಗಿಸಿ, 90 ಸೆಂ.ಮೀ.ಗೂ ಹೆಚ್ಚು ಎತ್ತರಕ್ಕೆ ಪೇರಿಸಬೇಕು. ಕೆಳಗೊಂದು, ಮೇಲೊಂದು ದಪ್ಪ ಮರದ ಹಲಗೆ ಇಟ್ಟು, ನಾಲ್ಕು ಮೂಲೆಗೆ 12 ಮಿ.ಮೀ. ಥ್ರೆಡ್ ರಾಡ್ ತೂರಿಸಿ, ದೊಡ್ಡ ವಾಷರ್ ಹಾಕಿ ನಟ್ ಬಿಗಿಯುತ್ತ ಹೋದರೆ ರಾಶಿ ಕುಗ್ಗುತ್ತದೆ. ಬೆರಳು ತೂರಿಸಲು ಆಗದಷ್ಟು ಬಿಗಿಯಾದರೆ ಸರಿ. ಬಾಣ ಪಟ್ಟಿಗಳ ಅಂಚಿಗೆ ಬಿದ್ದು ಪದರಗಳ ನಡುವೆ ನುಗ್ಗುತ್ತದೆ, ಆ ಉಜ್ಜಾಟವೇ ಅದನ್ನು ನಿಲ್ಲಿಸುತ್ತದೆ. ಅದೇ ರಟ್ಟನ್ನು ಬಾಣಕ್ಕೆ ಎದುರಾಗಿ ಹಾಳೆಯಂತೆ ಜೋಡಿಸಿದರೆ ಪದರಗಳು ಒಂದೊಂದಾಗಿ ತೂತಾಗುತ್ತವೆ, ಕೆಲವೇ ವಾರದಲ್ಲಿ ನಡುವೆ ಕಂಡಿ ಬೀಳುತ್ತದೆ. ಮುಂಬದಿಯ ರಾಡುಗಳು ಹೊಡೆಯುವ ಜಾಗದಿಂದ ಆಚೆ, ತೀರ ಅಂಚಿನಲ್ಲಿರಬೇಕು. ಅವಕ್ಕೆ ದಪ್ಪ ಫೋಮ್ ಸುತ್ತಿಡಿ. ಕಬ್ಬಿಣಕ್ಕೆ ಬಡಿದ ಬಾಣ ಹಿಂದಿರುಗಿ ಬರಲು ಮೂರು ಮೀಟರ್ ದೂರವೇ ಅಲ್ಲ.

ಇದೇ ಕಾರಣಕ್ಕೆ ಹಲಗೆಯ ಸುತ್ತ ಬರಿ ಪ್ಲೈವುಡ್ ನಿಲ್ಲಿಸುವುದು ತಪ್ಪು. ಹಳೆಯ ದಪ್ಪ ಕಾರ್ಪೆಟನ್ನು ಗೋಡೆಗೆ ಅಂಟಿಸದೆ, ಒಂದು ಗೇಣು ಮುಂದೆ ಸಡಿಲವಾಗಿ ತೂಗುಬಿಟ್ಟರೆ ಅದು ಬಾಣದ ಜೊತೆ ಹಿಂದಕ್ಕೆ ಸರಿದು ವೇಗ ನುಂಗುತ್ತದೆ. ಹತ್ತು ಡಿಗ್ರಿ ತಪ್ಪಿದ ಬಾಣ ಮೂರು ಮೀಟರಿನಲ್ಲಿ ಅರ್ಧ ಮೀಟರಿನಷ್ಟು ಆಚೆ ಬೀಳುತ್ತದೆ, ಅಂದರೆ 90 ಸೆಂ.ಮೀ. ಹಲಗೆಯ ಹೊರಗೆ. ಅಷ್ಟು ತಪ್ಪುವುದು ಗುರಿ ಹಿಡಿದಾಗಲ್ಲ. ಬಿಲ್ಲೆತ್ತಿ ಎಳೆಯುವಾಗ ಬೆರಳು ಜಾರಿದಾಗ. ಎಳೆಯಲು ಶುರುಮಾಡಿದ ಕ್ಷಣದಿಂದ ಬಾಣದ ಮೊನೆ ಹಲಗೆಯ ಚೌಕದೊಳಗೇ ಇರಬೇಕು.

ಮೈದಾನದಲ್ಲಿ ಎಷ್ಟೇ ಪೌಂಡ್ ಭಾರದ ಬಿಲ್ಲು ಎಳೆದರೂ ಮನೆಯಲ್ಲಿ 18ರಿಂದ 20 ಪೌಂಡಿನ ಲಿಂಬ್ ಸಾಕು. ಭಾರ ಕಡಿಮೆಯಾದಷ್ಟೂ ತಪ್ಪು ಎದ್ದು ಕಾಣುತ್ತದೆ, ಯಾಕೆಂದರೆ ಹಗುರ ಹೆದೆ ಒರಟು ಬೆರಳನ್ನು ಕ್ಷಮಿಸುವುದಿಲ್ಲ. ಕಾಂಪೌಂಡ್ (ತುದಿಗಳಲ್ಲಿ ಗಾಲಿಯಿರುವ) ಬಿಲ್ಲಿಗೆ ಈ ರಟ್ಟಿನ ಹಲಗೆಯನ್ನು ನಾನು ನಂಬುವುದಿಲ್ಲ.

18 ಮೀಟರಿಗೆ ಹೊಂದಿಸಿದ ಸೈಟ್ (ಬಿಲ್ಲಿನ ಮೇಲಿನ ಗುರಿಸಾಧನ) ಮುಟ್ಟಬೇಡಿ. ಬಾಣ ಕಣ್ಣಿಗಿಂತ ಸುಮಾರು 11 ಸೆಂ.ಮೀ. ಕೆಳಗಿನಿಂದ ಹೊರಟು, ಕೆಲವೇ ಮೀಟರಿನಲ್ಲಿ ದೃಷ್ಟಿರೇಖೆಯನ್ನು ದಾಟಿ ಮೇಲೇರಿ, 18 ಮೀಟರಿನಲ್ಲಿ ಮತ್ತೆ ಅದಕ್ಕೆ ಇಳಿಯುತ್ತದೆ. ಹಾಗಾಗಿ ಕೋಣೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದರೂ ಪೆಟ್ಟು ಒಂದೆರಡು ಸೆಂ.ಮೀ. ಮೇಲೇಳುತ್ತದೆ. ನೆಲಕ್ಕೆ ಟೇಪ್ ಅಂಟಿಸಿ ಅಲ್ಲೇ ನಿಲ್ಲಿ. ಬಾಣ ಹಲಗೆಯಲ್ಲಿ ಓರೆಯಾಗಿ ನಿಂತರೂ ತಲೆಕೆಡಿಸಿಕೊಳ್ಳಬೇಡಿ: ಬಿಲ್ಲು ಬಿಟ್ಟ ಬಾಣ ಇನ್ನೂ ಎಡಬಲಕ್ಕೆ ಬಳುಕುತ್ತಿರುತ್ತದೆ, ಆ ಬಳುಕಿನ ಯಾವ ಹಂತದಲ್ಲಿ ಚುಚ್ಚಿತೋ ಹಾಗೆ ನಿಲ್ಲುತ್ತದೆ. ಅದನ್ನು ನೋಡಿ ಪ್ಲಂಜರ್ (ಬಾಣದ ಪಕ್ಕಕ್ಕೆ ಒತ್ತುವ ಸ್ಪ್ರಿಂಗ್ ಗುಂಡಿ) ತಿರುಗಿಸಿದವರು ಮೈದಾನದಲ್ಲಿ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಅಭ್ಯಾಸದ ಬಹುಪಾಲು ಖಾಲಿ ಹಲಗೆಗೇ. ಕಾಗದವಿಲ್ಲ, ಚುಕ್ಕೆಯಿಲ್ಲ. ಪ್ರತಿ ಬಾಣಕ್ಕೆ ಒಂದೇ ಗಮನ: ಇವತ್ತು ಎಡಭುಜ ಕೆಳಗಿರಲಿ, ಇನ್ನೊಂದು ದಿನ ರಿಲೀಸ್ ಆದ ಕೈ ಕತ್ತನ್ನು ಸವರಿ ಹಿಂದೆ ಹೋಗಲಿ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಎರಡೂ ಆಗುವುದಿಲ್ಲ. ಪಕ್ಕದಲ್ಲಿ ಫೋನ್ ನಿಲ್ಲಿಸಿ ನಿಧಾನಗತಿಯ ವಿಡಿಯೊ ತೆಗೆದರೆ ಬಾಣ ಬಿಡುವ ಮೊದಲು ಕೈ ಮುಂದಕ್ಕೆ ಜಾರುವುದು ಸ್ಪಷ್ಟವಾಗಿ ಕಾಣುತ್ತದೆ. ನಡುನಡುವೆ ಬಾಣ ಹೂಡಿ, ಪೂರ್ತಿ ಎಳೆದು 30 ಸೆಕೆಂಡ್ ಹಿಡಿದು, ಬಿಡದೆ ಇಳಿಸಿ, ಒಂದು ನಿಮಿಷ ವಿಶ್ರಾಂತಿ. ಹೀಗೆ ಐದು ಸಲ. ಭುಜ ಕಿವಿಯತ್ತ ಏರತೊಡಗಿದರೆ ಅವತ್ತಿನ ಕೆಲಸ ಮುಗಿಯಿತು. ದಣಿದ ಮೈ ಕಲಿಯುವುದು ದಣಿದ ಭಂಗಿಯನ್ನೇ.

ಚುಕ್ಕೆ ಬೇಕೇ ಬೇಕು ಅನ್ನುವವರು ಅಳತೆ ಸರಿಯಾಗಿ ಮಾಡಲಿ. 18 ಮೀಟರಿನ 40 ಸೆಂ.ಮೀ. ಟಾರ್ಗೆಟ್, ಮೂರು ಮೀಟರಿಗೆ 6.7 ಸೆಂ.ಮೀ. ಆಗುತ್ತದೆ. ಅಂಥವು ಆರು ಅಂಟಿಸಿ ಒಂದೊಂದಕ್ಕೆ ಒಂದೇ ಬಾಣ ಹೊಡೆಯಿರಿ. ಒಂದಕ್ಕೇ ಎಲ್ಲ ಹೊಡೆದರೆ ನಾಕ್ (ಹೆದೆ ಕೂರುವ ಬಾಣದ ಹಿಂತುದಿ) ಒಡೆಯುತ್ತದೆ, ಗರಿ ಕಿತ್ತುಬರುತ್ತದೆ, ಹಲಗೆಯ ನಡುಭಾಗವೂ ಬೇಗ ಸಡಿಲಾಗುತ್ತದೆ. ಸಡಿಲಾದಾಗ ನಟ್ ಬಿಗಿದು, ಅದೂ ಸಾಲದಿದ್ದರೆ ನಡುವಿನ ಪಟ್ಟಿಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿ.

ಬಾಣ ಕೀಳಲು ಹೋಗುವಾಗ ಪಕ್ಕದಿಂದ ಹೋಗಿ. ಚುಚ್ಚಿಕೊಂಡ ಬಾಣದ ಹಿಂತುದಿ ಹೆಚ್ಚುಕಡಿಮೆ ಮುಖದ ಮಟ್ಟದಲ್ಲೇ ಚಾಚಿರುತ್ತದೆ, ಎದುರಿನಿಂದ ನೋಡಿದರೆ ಬರಿ ಚುಕ್ಕೆಯಂತೆ ಕಾಣುತ್ತದೆ. ಒಂದು ಅಂಗೈ ಹಲಗೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಣವನ್ನು ಹಲಗೆಯ ಹತ್ತಿರವೇ ಹಿಡಿದು, ನೇರ ಹಿಂದಕ್ಕೆ ಎಳೆಯಬೇಕು. ಕಾರ್ಬನ್ ಬಾಣವಾದರೆ ಮತ್ತೆ ಹೂಡುವ ಮುನ್ನ ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ ಕಿವಿಗೊಡಿ; ಚಟಚಟ ಸದ್ದು ಬಂದರೆ ಅದರ ಮೊನೆ ಬಿಚ್ಚಿಕೊಂಡು, ಉಳಿದದ್ದನ್ನು ಮುರಿದು ಎಸೆಯಿರಿ.