ಗ್ಯಾರೇಜು ಮುಟ್ಟುವಷ್ಟರಲ್ಲಿ ನಿಂತುಹೋಗುವ ಶಬ್ದ

ನಮ್ಮದು ಹದಿನಾಲ್ಕು ವರ್ಷದ ಪೆಟ್ರೋಲ್ ಕಾರು, ಮೂರು ಸಿಲಿಂಡರ್. ಆಲ್ದೂರಿನ ಹತ್ತಿರ ಮನೆ, ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಓಡಾಟ. ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಅದೂ ಜೋರು. ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಮಾಯ. ಪೇಟೆಯ ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಎಂಜಿನ್ನು ಸಾಧು ಹಸು. ನಾನೇ ಬಾಯಲ್ಲಿ ಶಬ್ದ ಮಾಡಿ ತೋರಿಸಿದೆ. "ಟ್ಯಾಪೆಟ್ ಸೌಂಡ್ ಸಾರ್, ಹಳೇ ಗಾಡಿ ಅಲ್ವಾ" ಅಂದ ಮೆಕ್ಯಾನಿಕ್, ಟ್ಯಾಪೆಟ್ ಸೆಟ್ ಮಾಡಿಕೊಟ್ಟ, ಅಂದರೆ ಎಂಜಿನ್ ವಾಲ್ವುಗಳ ಸಂದು ಸರಿಮಾಡಿದ. ಮರುದಿನ ಬೆಳಿಗ್ಗೆ ಮತ್ತೆ ಟಿಕ್ ಟಿಕ್.

ಗುಟ್ಟು ಬಿಚ್ಚಿದ್ದು ಅಮ್ಮನ ಮೂಗು. ಧರ್ಮಸ್ಥಳಕ್ಕೆ ಹೊರಟ ದಿನ ಗಾಡಿ ಸ್ಟಾರ್ಟ್ ಮಾಡಿ, ಗಾಜಿನ ಮಂಜು ಹೋಗಲಿ ಅಂತ ಬ್ಲೋವರ್ ಹಾಕಿ, ಅಮ್ಮನನ್ನು ಒಳಗೆ ಕೂರಿಸಿ ಮನೆ ಬೀಗ ಹಾಕಲು ಹೋದೆ. ಬರುವಷ್ಟರಲ್ಲಿ ಅವಳು ಬಾಗಿಲು ತೆಗೆದು ಮಳೆಯಲ್ಲೇ ನಿಂತಿದ್ದಳು. "ಒಳಗೆ ಹೊಗೆ ವಾಸನೆ ಕಣೋ, ತಲೆ ಸಿಡೀತಿದೆ." ಬ್ಲೋವರ್ ಹೊರಗಿನ ಗಾಳಿ ಎಳೆಯುವುದು ಮುಂದಿನ ಗಾಜಿನ ಬುಡದಿಂದ, ಬಾನೆಟ್ಟಿನ ಹಿಂಬದಿಯಿಂದ. ಎಂಜಿನ್ನಿನ ಹೊಗೆ ಸೈಲೆನ್ಸರ್ ತನಕ ಹೋಗದೆ ಅಲ್ಲೇ ಸೋರುತ್ತಿದ್ದರೆ ನೇರ ಒಳಗೇ ಬರುತ್ತದೆ. ವಾಸನೆ ಬಂದದ್ದೇ ಪುಣ್ಯ. ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅವತ್ತು ಚಾರ್ಮಾಡಿ ಇಳಿದದ್ದು ಬಸ್ಸಿನಲ್ಲಿ.

ನನ್ನ ಅನುಮಾನ ಬಿದ್ದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ಅಂದರೆ ಮೂರೂ ಸಿಲಿಂಡರಿನ ಹೊಗೆಯನ್ನು ಒಂದು ಮಾಡಿ ಸೈಲೆನ್ಸರ್ ಪೈಪಿಗೆ ದಾಟಿಸುವ ಎರಕದ ಕಬ್ಬಿಣ. ಅದು ಕೂರುವ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂ. ಒಂದೇ ಕಾವಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ದಿನವೂ ಹಿಗ್ಗಿ ಕುಗ್ಗುವ ಈ ಎರಡರ ನಡುವೆ ಸಿಕ್ಕಿ ಸವೆಯುವುದು ಗ್ಯಾಸ್ಕೆಟ್, ನಮ್ಮ ಕಡೆ ಮಾತಿನಲ್ಲಿ ಪ್ಯಾಕಿಂಗು. ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ, ಶಬ್ದವೂ ನಿಲ್ಲುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ತೋರಿಸಿದರೆ ಯಾವ ಮೆಕ್ಯಾನಿಕ್ಕಿಗೆ ಕಂಡೀತು?

ಹಾಗಾಗಿ ಪರೀಕ್ಷೆ ಮನೆಯಂಗಳದಲ್ಲೇ, ಬೆಳಿಗ್ಗೆ ಆರಕ್ಕೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪೈಪಿನ ಹಳೆ ತುಂಡೊಂದನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಆಡಿಸಿದೆ. ಮೂರನೇ ಸಿಲಿಂಡರಿನ ಹತ್ತಿರ ಟಿಕ್ ಅನ್ನುವುದು ಚಟ್ ಚಟ್ ಆಯಿತು. ಹೆಂಡತಿ ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿಚೀಲವನ್ನು ಒಂದು ಕ್ಷಣ ಒತ್ತಿ ಹಿಡಿದಾಗ ಅದು ಇನ್ನೂ ಏರಿತು. ಕಾವು ತಡೆಯುವ ತಗಡು, ಹೀಟ್ ಶೀಲ್ಡ್, ಬಿಚ್ಚಿ ನೋಡಿದರೆ ಹೆಡ್ಡಿನ ಮೇಲೆ ನಾಲಗೆ ಚಾಚಿದಂತೆ ಕಪ್ಪು ಮಸಿ. ಮೈಲೇಜ್ ಇಳಿದದ್ದೂ ಆಗ ಅರ್ಥವಾಯಿತು. ಆ ಸಂದಿನಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ನಡುನಡುವೆ ಗಾಳಿ ಒಳಗೂ ನುಗ್ಗುತ್ತದೆ. ಪೆಟ್ರೋಲ್ ಸಾಲದು ಅಂತ, ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. (ಇನ್‌ಟೇಕ್, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯ ಪ್ಯಾಕಿಂಗ್ ಹೋದರೆ ಲಕ್ಷಣ ಬೇರೆ: ಸುಯ್ ಅನ್ನುವ ಸದ್ದು, ಐಡ್ಲಿಂಗ್ ಏರಿಳಿತ. ನನ್ನದು ಅದಲ್ಲ.)

ಕೆಲಸ ಕಷ್ಟದ್ದಲ್ಲ, ನಟ್ಟು ಬಿಚ್ಚುವುದು ಕಷ್ಟ. ಹದಿನಾಲ್ಕು ಮಳೆಗಾಲದ ತುಕ್ಕು. ಬ್ಯಾಟರಿಯ ನೆಗೆಟಿವ್ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಶನಿವಾರ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಿಟ್ಟೆ. ಭಾನುವಾರ ತಣ್ಣಗಿನ ಎಂಜಿನ್ನಿಗೆ 12ರ ಸಾಕೆಟ್ ಹಾಕಿ ತುದಿಗಳಿಂದ ನಡುವಿಗೆ ಬಂದೆ, ಅರ್ಧ ಸುತ್ತು ಬಿಚ್ಚುವುದು, ಕಾಲು ಸುತ್ತು ವಾಪಸ್. ಎಲ್ಲಾ ಬಂದವು, ಹಿಂದಿನ ಮೂಲೆಯದೊಂದು ಬಿಟ್ಟು. ಅದು ‘ಕಟಕ್’ ಅಂತು. ಆ ಸದ್ದು ಕೇಳಿದವರಿಗೇ ಗೊತ್ತು. ಮುರಿದದ್ದು ಸ್ಟಡ್ಡು, ನಟ್ಟು ಕೂರುವ ತಿರುಪಿನ ಕಡ್ಡಿ. ಪುಣ್ಯಕ್ಕೆ ಅದು ಬೆರಳಗಲ ಹೊರಗುಳಿದಿತ್ತು. ಸೋಮವಾರ ಆಲ್ದೂರಿನಿಂದ ವೆಲ್ಡಿಂಗಿನವರನ್ನು ಕರೆದುಕೊಂಡು ಬಂದೆ. ಮುರಿದ ಸ್ಟಡ್ಡಿನ ಮೇಲೊಂದು ನಟ್ಟು ಕೂರಿಸಿ ವೆಲ್ಡ್ ಮಾಡಿ, ಬಿಸಿ ಇರುವಾಗಲೇ ನಿಧಾನ ತಿರುಗಿಸಿದರು. ಬೆಣ್ಣೆಯ ಹಾಗೆ ಬಂತು. ಅವರಿಗೆ ಕೊಟ್ಟದ್ದು ಗ್ಯಾಸ್ಕೆಟ್ಟಿನ ಬೆಲೆಗಿಂತ ಜಾಸ್ತಿ, ಬೇಸರವಿಲ್ಲ.

ಹಳೆ ಗ್ಯಾಸ್ಕೆಟ್ಟು ಮೂರನೇ ತೂತಿನ ಅಂಚಿನಲ್ಲಿ ಹಪ್ಪಳದಂತೆ ಮುರಿದಿತ್ತು. ತೂತುಗಳಿಗೆ ಬಟ್ಟೆ ತುರುಕಿ ಹೆಡ್ಡಿನ ಮುಖ ಉಜ್ಜಿದೆ, ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮಾತ್ರ; ಅಲ್ಯೂಮಿನಿಯಂ ಮೆತ್ತಗೆ, ಗೀರು ಬಿದ್ದರೆ ಮತ್ತೆ ಸೋರುತ್ತದೆ. ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಅಡಿಯಲ್ಲಿ 0.10 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಲು ನೋಡಿದೆ, ಹೋಗಲಿಲ್ಲ. ಸೊಟ್ಟಗಿದ್ದರೆ ಲೇತಿಗೆ ಕೊಡಬೇಕಿತ್ತು, ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ದಂಡ. ಅಂಗಡಿಯವರು ಸಿಲಿಕೋನ್ ಟ್ಯೂಬೊಂದನ್ನೂ ಕೊಟ್ಟಿದ್ದರು. ಹಚ್ಚಲಿಲ್ಲ. ಅಷ್ಟು ಕಾವಿನಲ್ಲಿ ಅದು ಸುಟ್ಟುಹೋಗುತ್ತದೆ, ಸ್ಟೀಲ್ ಗ್ಯಾಸ್ಕೆಟ್ಟು ಏನೂ ಹಚ್ಚದೆಯೇ ಕೂರಬೇಕು.

ಹೊಸ ಸ್ಟಡ್ಡು, ಹೊಸ ನಟ್ಟು. ಈಗ ನಡುವಿನಿಂದ ತುದಿಗಳಿಗೆ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ, ಅಂದರೆ ತಿರುಗಿಸುವ ಬಲ ಅಳೆಯುವ ಸ್ಪ್ಯಾನರಿನಿಂದ, ಬಿಗಿ ಮಾಡಿದೆ. ನನ್ನ ಗಾಡಿಗೆ 23 ನ್ಯೂಟನ್ ಮೀಟರ್. ನಿಮ್ಮದಕ್ಕೆ ಎಷ್ಟೆಂದು ಅದರ ಸರ್ವಿಸ್ ಮ್ಯಾನ್ಯುಯಲ್ಲೇ ಹೇಳಬೇಕು. ಸ್ಟಾರ್ಟ್ ಮಾಡಿದಾಗ ಮೊದಲ ಹತ್ತು ನಿಮಿಷ ಹೊಗೆ ಬಂತು. ಚೆಲ್ಲಿದ ಎಣ್ಣೆ ಸುಡುವುದು, ಗಾಬರಿ ಬೇಡ ಅಂತ ಹೆಂಡತಿಗೆ ಹೇಳಿದೆ, ನನಗೂ ಹೇಳಿಕೊಂಡೆ.

ವಾರ ಓಡಿಸಿ, ತಣ್ಣಗಿರುವಾಗ ಮತ್ತೆ ರೆಂಚ್ ಹಾಕಿ ನೋಡಿದೆ. ಒಂದು ಬಿಟ್ಟು ಎಲ್ಲಾ ಬಿಗಿಯಾಗಿದ್ದವು. ಹಿಂದಿನ ಮೂಲೆಯದು, ಅದೇ ಮುರಿದ ಸ್ಟಡ್ಡಿನ ಜಾಗದ್ದು, ಇನ್ನೂ ಕಾಲು ಸುತ್ತು ತಗೊಂಡಿತು.