0, 2, 4, 6 ಅಂದ್ರೆ ನಾಲ್ಕು ಕೋರ್ ಅಲ್ಲ

ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತೇನೆ. ಸೀಸನ್‌ನಲ್ಲಿ ಒಂದೇ ಕಂಪ್ಯೂಟರ್‌ನಲ್ಲಿ ಒಂದು ಕಡೆ ರೆಂಡರ್ (ಮಿಕ್ಸ್ ಮಾಡಿದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡುವ ಕೆಲಸ) ಓಡುತ್ತಿರಬೇಕು, ಇನ್ನೊಂದು ಕಡೆ ಹುಡುಗ-ಹುಡುಗಿ ಹೆಸರಿನ ಟೈಟಲ್ ಕೂರಿಸುತ್ತಿರಬೇಕು. ಮೆಷಿನ್ ಇಂಟೆಲ್ ಐ7-4770. ನಾಲ್ಕು ಕೋರ್, ಅಂದರೆ ನಿಜವಾಗಿ ಲೆಕ್ಕ ಮಾಡುವ ಘಟಕ. ಎಂಟು ಥ್ರೆಡ್, ಅಂದರೆ ಒಂದೊಂದು ಕೋರ್ ಎರಡೆರಡು ಕೆಲಸ ಹಿಡಿಯುವ ಸಾಲು.

ವಿಂಡೋಸ್‌ನಲ್ಲಿ ಒಂದು ದಾರಿ ಮಾಡಿಕೊಂಡಿದ್ದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಥ್ರೆಡ್‌ಗಳಿಗೆ 0ರಿಂದ 7ರವರೆಗೆ ನಂಬರ್, ರೆಂಡರ್‌ಗೆ 0, 2, 4, 6 ಮಾತ್ರ ಟಿಕ್ ಮಾಡುತ್ತಿದ್ದೆ. ಅಲ್ಲಿ ಒಂದೇ ಕೋರ್‌ನ ಜೋಡಿ ಥ್ರೆಡ್‌ಗಳಿಗೆ ಅಕ್ಕಪಕ್ಕದ ನಂಬರ್. 0 ಮತ್ತು 1 ಒಂದು ಕೋರ್, 2 ಮತ್ತು 3 ಇನ್ನೊಂದು. ರೆಂಡರ್‌ಗೆ ನಾಲ್ಕೂ ಕೋರ್ ಸಿಗುತ್ತಿತ್ತು, ಟೈಟಲ್ ಕೆಲಸವೂ ಸರಾಗ.

ಆಮೇಲೆ ಲಿನಕ್ಸ್ ಹಾಕಿದೆ. ಅಲ್ಲಿ ಇದೇ ಟಿಕ್ ಕೆಲಸ ಮಾಡುವ ಟಾಸ್ಕ್‌ಸೆಟ್ ಕಮಾಂಡ್‌ಗೆ ಅದೇ ನಾಲ್ಕು ನಂಬರ್ ಕೊಟ್ಟೆ. ಮುಕ್ಕಾಲು ಗಂಟೆಯ ರೆಂಡರ್ ಒಂದು ಗಂಟೆ ದಾಟಿದರೂ ಮುಗಿಯಲಿಲ್ಲ. ಸಂಜೆ ಪಾರ್ಟಿ ಬಂದು ಕೂತಿದ್ದರು, ನನಗೆ ಕೈಕಾಲೇ ಆಡಲಿಲ್ಲ.

ಯಾವ ಪ್ರೋಗ್ರಾಂ ಎಷ್ಟು ಓಡುತ್ತಿದೆ ಅಂತ ತೋರಿಸುವ ಲಿನಕ್ಸ್‌ನ 'ಟಾಪ್' ತೆರೆದರೆ ರೆಂಡರ್ ಎದುರು ಶೇಕಡಾ 400 ಅಂತ ಇತ್ತು. ನಮ್ಮ ಹುಡುಗ, "ಅಣ್ಣಾರೆ, ನಾಲ್ಕೂ ಫುಲ್ ಓಡ್ತಾ ಅದಾವಲ್ಲ" ಅಂದ. ಅವನು ಹೇಳಿದ್ದು ಸರಿ. ಟಾಪ್‌ನಲ್ಲಿ ಒಂದೊಂದು ಥ್ರೆಡ್‌ಗೂ ನೂರರ ಲೆಕ್ಕ. ಟಾಸ್ಕ್ ಮ್ಯಾನೇಜರ್‌ನಲ್ಲಿ ಇಡೀ ಮೆಷಿನ್ ಸೇರಿ ನೂರು, ಅಲ್ಲಿ ಇದೇ ಕೆಲಸ 50ರ ಹತ್ತಿರ ಕಾಣುತ್ತಿತ್ತು. ಆದರೆ ಎರಡೂ ಕಡೆ ಎಣಿಸಿದ್ದು ಥ್ರೆಡ್, ಕೋರ್ ಅಲ್ಲ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ವಿಂಡೋಸ್ 'ಲಾಜಿಕಲ್ ಪ್ರೊಸೆಸರ್' ಅನ್ನುವುದನ್ನೇ ಲಿನಕ್ಸ್‌ನಲ್ಲಿ ಪ್ರೊಸೆಸರ್ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಸುಮ್ನೆ 'ಸಿಪಿಯು' ಅನ್ನುತ್ತದೆ, ನನ್ನ ಮೆಷಿನ್‌ಗೆ 8 ಅಂತ ತೋರಿಸುತ್ತದೆ. ಅದರಲ್ಲೇ ಕೆಳಗಿನ ಎರಡು ಸಾಲು ಓದಬೇಕು: ಕೋರ್‌ಗೆ ಥ್ರೆಡ್ 2, ಸಾಕೆಟ್‌ಗೆ (ಪ್ರೊಸೆಸರ್ ಚಿಪ್ ಕೂರುವ ಜಾಗ) ಕೋರ್ 4.

ನಿಜವಾದ ಉತ್ತರ ಸಿಕ್ಕಿದ್ದು ಲಿನಕ್ಸ್ ಮೆಷಿನ್‌ನ ವಿವರ ಇಡುವ 'ಸಿಸ್' ಫೋಲ್ಡರ್‌ನಲ್ಲಿ. ಅಲ್ಲಿ ಪ್ರತಿ ಸಿಪಿಯುಗೂ 'ಟೋಪಾಲಜಿ' ಅಂತ ಒಂದು ಫೋಲ್ಡರ್. ಅದರೊಳಗೆ 'ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್' ಅನ್ನುವ ಪುಟ್ಟ ಫೈಲ್, ಒಂದೇ ಸಾಲು. ಸಿಪಿಯು 0ರ ಫೈಲ್‌ನಲ್ಲಿ ಬರೆದಿದ್ದು: 0,4. ಸಿಪಿಯು 2ರಲ್ಲಿ: 2,6. ಅಂದರೆ ನಾನು ಆರಿಸಿದ್ದು ಎರಡೇ ಕೋರ್! ಒಂದು ಕೋರ್‌ನ ಲೆಕ್ಕ ಮಾಡುವ ಭಾಗಗಳನ್ನು ಎರಡು ಥ್ರೆಡ್ ಹಂಚಿಕೊಳ್ಳಬೇಕು. ಒಂದು ಮೆಮೊರಿಗಾಗಿ ಕಾಯುವಾಗ ಇನ್ನೊಂದು ನುಗ್ಗುತ್ತದೆ, ಅಷ್ಟೇ ಲಾಭ. ರೆಂಡರ್‌ನಂಥ ಭಾರದ ಕೆಲಸಕ್ಕೆ ಅದು ಎರಡನೇ ಕೋರ್ ಆಗುವುದಿಲ್ಲ.

0ರಿಂದ 3 ಅಂತ ಬದಲಿಸಿದೆ. ಮುಂದಿನ ಮದುವೆ ಮತ್ತೆ ಮುಕ್ಕಾಲು ಗಂಟೆಗೆ ಬಂತು.

ಇದನ್ನೂ ಬಾಯಿಪಾಠ ಮಾಡಬೇಡಿ. ಲಿನಕ್ಸ್‌ನಲ್ಲಿ ಈ ಕ್ರಮ ಜಾಸ್ತಿ ಮಟ್ಟಿಗೆ ಮದರ್‌ಬೋರ್ಡ್‌ನ ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಕೊಡುವ ಪಟ್ಟಿಯಂತೆ ಬರುತ್ತದೆ. ವಿದ್ಯಾನಗರದ ಗೆಳೆಯನ ಸ್ಟುಡಿಯೋದಲ್ಲಿ ಐ5-12600ಕೆ ಇದೆ. ಆರು ದೊಡ್ಡ ಕೋರ್, ನಾಲ್ಕು ಚಿಕ್ಕವು, ಒಟ್ಟು 16 ಥ್ರೆಡ್. ಅಲ್ಲಿ ಲಿನಕ್ಸ್‌ನಲ್ಲೇ ಮೊದಲ ಫೈಲ್ 0-1 ಅಂದಿತು. ಸಿಪಿಯು 12ರ ಫೈಲ್‌ನಲ್ಲಿ ಬರೀ 12. ಚಿಕ್ಕ ಕೋರ್‌ಗೆ ಜೋಡಿಯೇ ಇಲ್ಲ.